ನರಸಮ್ಮ ಹೋಗಿ ಬಂದ ಮನೆಗಳು

(ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಸುತ್ತಲಿನ ಊರುಗಳ ಹೆಣ್ಣುಮಕ್ಕಳು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಕೆಲವರು ಬೆಳಗಿನ ಮನೆ ಭೇಟಿ ಮುಗಿಸಿಕೊಂಡು ಹಾಗೇ ಬಂದಿದ್ದೀರಿ. ಜಾಸ್ತಿ ಹೊತ್ತು ಕೂರಿಸುವುದಿಲ್ಲ.

ಸೂಲಗಿತ್ತಿ ನರಸಮ್ಮ ಅವರು ತೀರಿಕೊಂಡಿದ್ದು 2018ರ ಡಿಸೆಂಬರ್ 25ರಂದು, ಬೆಂಗಳೂರಿನ ಆಸ್ಪತ್ರೆಯಲ್ಲಿ. ಆಗ ಅವರಿಗೆ 98 ವರ್ಷ. ಅದೇ ವರ್ಷ ಪದ್ಮಶ್ರೀ ಬಂದಿತ್ತು. ಅದಕ್ಕೂ ಮುಂಚೆ, 2014ರಲ್ಲಿ, ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಓದು ಬರಹ ಕಲಿಯದ, ಕೂಲಿ ಮಾಡಿ ಬದುಕಿದ ಹೆಂಗಸಿಗೆ ಸಿಕ್ಕ ಗೌರವ ಅದು. ಅವರು ಹೋದ ಮಾರನೇ ದಿನ ಪತ್ರಿಕೆಗಳೆಲ್ಲ ಒಂದೇ ಲೆಕ್ಕ ಬರೆದವು: ಎಪ್ಪತ್ತು ವರ್ಷದಲ್ಲಿ 15 ಸಾವಿರಕ್ಕೂ ಹೆಚ್ಚು ಹೆರಿಗೆ, ಒಂದಕ್ಕೂ ಕಾಸು ತೆಗೆದುಕೊಳ್ಳದೆ.

ಆ ಲೆಕ್ಕ ದೊಡ್ಡದು. ಆದರೆ 15 ಸಾವಿರ ಅನ್ನುವುದನ್ನು ನೆನೆದುಕೊಂಡು ಯಾರಿಗೂ ಕಣ್ಣಲ್ಲಿ ನೀರು ಬರುವುದಿಲ್ಲ. ಅವರ ಮಕ್ಕಳಿಗಂತೂ ಆ ಲೆಕ್ಕದಿಂದ ಏನು ಸಮಾಧಾನ ಸಿಕ್ಕೀತು? ಅವರಿಗೆ ಹೋಗಿದ್ದು ಒಬ್ಬಳೇ ಅಮ್ಮ.

ಹಾಗಾಗಿ ಇವತ್ತು ಪ್ರಶಸ್ತಿಗಳ ಪಟ್ಟಿ ಓದುವುದಿಲ್ಲ. ಇಂಥ ಒಬ್ಬ ಹೆಂಗಸನ್ನು ಹೇಗೆ ನೆನೆಯಬೇಕು, ಅವಳ ಮನೆಯವರಿಗೆ ನಾವು ಏನು ಕೊಡಬಹುದು, ಇಷ್ಟೇ ಮಾತು. ನನಗೆ ಇವೆರಡೂ ಬೇರೆ ಬೇರೆ ಅಂತ ಅನ್ನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ನರಸಮ್ಮ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಪಾವಗಡ ನಿಮಗೆ ಗೊತ್ತು. ತುಮಕೂರು ಜಿಲ್ಲೆಯದೇ ತಾಲ್ಲೂಕಾದರೂ ಮೂರು ಕಡೆ ಆಂಧ್ರ. ಎಷ್ಟೋ ಮನೆಗಳಲ್ಲಿ ತೆಲುಗು. ಮಳೆ ನಂಬಿಕೊಂಡರೆ ಆಗುವುದಿಲ್ಲ. ಈಗ ತಿರುಮಣಿಯ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವ್ಯಾಟ್‌ನದು. ಇವತ್ತು ಊರೂರಿಗೆ ಕರೆಂಟು ಕಳಿಸುವ ಅದೇ ಸೀಮೆಯಲ್ಲಿ ಆ ಕಾಲದ ಹೆರಿಗೆಗಳು ಬುಡ್ಡಿ ದೀಪದ ಬೆಳಕಲ್ಲಿ ಆಗುತ್ತಿದ್ದವು. ಆಸ್ಪತ್ರೆ ದೂರ, ರಸ್ತೆ ಇಲ್ಲ, ನೋವು ಶುರುವಾದರೆ ಮನೆಯ ಗಂಡಸು ಕತ್ತಲಲ್ಲಿ ನಡೆದು ಬಂದು ಸೂಲಗಿತ್ತಿಯ ಬಾಗಿಲು ಬಡಿಯಬೇಕು.

ಅವರಿಗೆ ಮದುವೆಯಾದಾಗ 12 ವರ್ಷ. ಈ ಕೆಲಸ ಕಲಿಸಿದ್ದು ಅವರ ಅಜ್ಜಿ. ಆ ಅಜ್ಜಿಯೇ ನರಸಮ್ಮನ ಐದು ಹೆರಿಗೆ ಮಾಡಿಸಿದವರು. ಅಂದರೆ ನರಸಮ್ಮ ಈ ವಿದ್ಯೆಯನ್ನು ಮೊದಲು ಕಲಿತಿದ್ದು ಹೆರುವವಳ ಜಾಗದಲ್ಲಿ ಮಲಗಿಕೊಂಡು. ಯಾವ ಕೈ ಎಲ್ಲಿ ಒತ್ತಿದರೆ ಜೀವಕ್ಕೆ ಹಾಯೆನಿಸುತ್ತದೆ, ಯಾವ ಮಾತು ಆ ಹೊತ್ತಲ್ಲಿ ಧೈರ್ಯ ಕೊಡುತ್ತದೆ, ಯಾವುದು ಸಿಟ್ಟು ತರಿಸುತ್ತದೆ, ಇವೆಲ್ಲ ಅವರ ಮೈಗೇ ಗೊತ್ತಿತ್ತು. 1940ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಬಂಧುವೊಬ್ಬರ ಹೆರಿಗೆ ಮಾಡಿಸಿದರು. ಅದು ಮೊದಲನೆಯದು. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿಗಳಿಂದ ಗಿಡಮೂಲಿಕೆ ತಿಳಿದುಕೊಂಡರು. ಹೊಟ್ಟೆ ಮುಟ್ಟಿ ನೋಡಿ ಮಗು ಹೇಗೆ ಮಲಗಿದೆ ಅಂತ ಹೇಳುತ್ತಿದ್ದರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಹಳೆಯ ಕಾಲವೇ ಚೆನ್ನಾಗಿತ್ತು, ಮನೆ ಹೆರಿಗೆಯೇ ವಾಸಿ ಅಂತ ನಾನು ಹೇಳುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 100ಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಅದು ನೀವು ಬಿಸಿಲಲ್ಲಿ ನಡೆದು, ತಾಯಿ ಕಾರ್ಡ್ ಮಾಡಿಸಿ, ಅತ್ತೆಯರ ಹತ್ತಿರ ಜಗಳವಾಡಿ, 108ಕ್ಕೆ ಫೋನು ಮಾಡಿ ತಂದ ಬದಲಾವಣೆ. ರಕ್ತ ಜಾಸ್ತಿ ಹೋದರೆ ಹರಳೆಣ್ಣೆ ಏನೂ ಮಾಡಲಾರದು. ನರಸಮ್ಮ ದೊಡ್ಡವರಾಗಿದ್ದು ಬೇರೆ ಯಾರೂ ಬರದ ಕಡೆ ಬಂದಿದ್ದಕ್ಕೆ. ಕೂಲಿ ಮಾಡಿ ದಣಿದ ಮೈ, ಅರ್ಧ ರಾತ್ರಿ, ಕರೆದವರ ಜಾತಿ ಯಾವುದೇ ಇರಲಿ, ಕೊಡುವುದಕ್ಕೆ ಅವರ ಹತ್ತಿರ ಏನೂ ಇಲ್ಲದೇ ಇರಲಿ, ಎದ್ದು ಹೊರಡುವುದು.

ಈಗ ಆ ಬಾಗಿಲಿನ ಈಚೆ ಕಡೆ ನೋಡಿ. ಅಮ್ಮ ಎದ್ದು ಹೋದ ಮನೆಯ ಕಡೆ.

ಅವರಿಗೆ 12 ಮಕ್ಕಳು. ನಾಲ್ಕು ಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಂಡರು. ನಾಲ್ಕು ಮಕ್ಕಳನ್ನು ಮಣ್ಣು ಮಾಡಿದ ತಾಯಿ ಮತ್ತೆ ಹೋಗಿ ಬೇರೆಯವರ ಮಕ್ಕಳನ್ನು ಕೈಯಲ್ಲಿ ಹಿಡಿದುಕೊಂಡರು. ಅದು ಹೇಗೆ ಸಾಧ್ಯವಾಯಿತು ಅಂತ ಯೋಚನೆ ಮಾಡಿದಾಗಲೆಲ್ಲ ನನಗೆ ಮಾತು ಹೊರಡುವುದಿಲ್ಲ. ಉಳಿದ ಮಕ್ಕಳಿಗೆ ಆ ರಾತ್ರಿಗಳು ಹೇಗಿದ್ದವು ಅಂತ ಅವರ ಪರವಾಗಿ ನಾನು ಹೇಳಲಾರೆ. ಆದರೆ ಸೂಲಗಿತ್ತಿಯರ ಮನೆಗಳಲ್ಲಿ ಬೆಳೆದವರು ಹೇಳುವುದನ್ನು ನೀವೂ ಕೇಳಿದ್ದೀರಿ. ಮಧ್ಯರಾತ್ರಿ ಎಚ್ಚರವಾದರೆ ಪಕ್ಕದಲ್ಲಿ ಅಮ್ಮ ಇರುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಎಲ್ಲಿ ಹೋಗಿದ್ದೆ ಅಂದರೆ, ಹೆಣ್ಣು ಮಗು ಅಂತಲೋ ಗಂಡು ಮಗು ಅಂತಲೋ ಒಂದೇ ಮಾತು. ನಂತರ ಒಲೆ, ಮತ್ತೆ ಕೂಲಿ.

ಇದು ಸೂಲಗಿತ್ತಿಯರ ಮಕ್ಕಳಿಗೆ ಮಾತ್ರ ಅಲ್ಲ, ನಿಮ್ಮ ಮಕ್ಕಳಿಗೂ ಹೀಗೇ ಅಲ್ವಾ? ನೀವು ದಿನವಿಡೀ ಯಾರ ಮನೆಯಲ್ಲಿ ಕೂತಿದ್ದಿರಿ, ಯಾವ ಹುಡುಗಿಯ ಕೈ ಹಿಡಿದುಕೊಂಡಿದ್ದಿರಿ, ಯಾರ ಗಂಡನಿಗೆ ಬುದ್ಧಿ ಹೇಳಿದಿರಿ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೇಳುವಷ್ಟು ಹೊತ್ತೂ ಇರುವುದಿಲ್ಲ. ಕೆಲವು ಹೇಳುವ ಹಾಗೂ ಇರುವುದಿಲ್ಲ.

ನನ್ನ ಮಾತು ಇಷ್ಟೇ. ಹೊರಗೆ ದುಡಿದ ಹೆಂಗಸು ತೀರಿಕೊಂಡಾಗ ಅವಳ ಬದುಕಿನ ಒಂದು ದೊಡ್ಡ ಪಾಲು ಮನೆಯವರ ಹತ್ತಿರ ಇರುವುದೇ ಇಲ್ಲ. ಅದು ಬೇರೆಯವರ ಮನೆಗಳಲ್ಲಿ ಇರುತ್ತದೆ. ಅದನ್ನು ಹೊತ್ತುಕೊಂಡು ಹೋಗಿ ಆ ಮಕ್ಕಳ ಮುಂದೆ ಇಡಬೇಕು. ಸಮಾಧಾನ ಹೇಳುವುದು ಅಂದರೆ ನನಗೆ ತಿಳಿದಂತೆ ಇದೇ.

ಸಾಲುಮರದ ತಿಮ್ಮಕ್ಕ ಅವರೂ ಹೋದರು, 2025ರ ನವೆಂಬರ್ 14ರಂದು, 114ನೇ ವಯಸ್ಸಿನಲ್ಲಿ. ಅವರನ್ನು ನೆನೆಯಬೇಕು ಅಂದರೆ ಒಂದು ದಾರಿ ಇದೆ. ಮಾಗಡಿ ತಾಲ್ಲೂಕಿಗೆ ಹೋಗಿ, ಹುಲಿಕಲ್‌ನಿಂದ ಕುದೂರಿನ ಕಡೆ ನಡೆದರೆ ಅವರೂ ಗಂಡ ಚಿಕ್ಕಯ್ಯನವರೂ ನೀರು ಹೊತ್ತು ಬೆಳೆಸಿದ ಆಲದ ಮರಗಳು ರಸ್ತೆಯ ಎರಡೂ ಬದಿಗೆ ನಿಂತಿವೆ. ಮೊಮ್ಮಕ್ಕಳ ವಯಸ್ಸಿನವರನ್ನು ಕರೆದುಕೊಂಡು ಹೋಗಿ ತೋರಿಸಬಹುದು, ಕಾಂಡ ಮುಟ್ಟಬಹುದು. ನರಸಮ್ಮನ ಕೆಲಸ ಹಾಗೆ ಒಂದು ಕಡೆ ನಿಂತಿಲ್ಲ. ಅದು ಎದ್ದು ನಡೆದು ಹೋಯಿತು. ಬೆಂಗಳೂರಿಗೆ ಹೋಯಿತು, ಗಾರ್ಮೆಂಟ್ಸ್‌ಗೆ ಹೋಯಿತು, ಹಿಂದೂಪುರ ಅನಂತಪುರದ ಕಡೆ ಮದುವೆಯಾಗಿ ಹೋಯಿತು. ಈಗ ಅದಕ್ಕೆ ಎಪ್ಪತ್ತು ಎಂಬತ್ತು ವರ್ಷ ಆಗಿರಬಹುದು, ಮಂಡಿ ನೋವು ಇರಬಹುದು. ಎಷ್ಟೋ ಜನಕ್ಕೆ ತಮ್ಮನ್ನು ಮೊದಲು ಮುಟ್ಟಿದ ಕೈ ಯಾರದು ಅಂತಲೇ ಗೊತ್ತಿಲ್ಲ. ಗೊತ್ತಿರುವ ತಾಯಂದಿರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರು ಹೇಳದೇ ಹೋದರೆ ನರಸಮ್ಮ ಬರೀ ಒಂದು ಲೆಕ್ಕವಾಗಿ ಉಳಿಯುತ್ತಾರೆ.

ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ.

ನಮ್ಮಮ್ಮ ಹೊಲಿಗೆ ಹಾಕುತ್ತಿದ್ದರು. ರವಿಕೆ, ಲಂಗ, ಶಾಲೆ ಮಕ್ಕಳ ಯೂನಿಫಾರ್ಮು. ಅವರು ತೀರಿಕೊಂಡಾಗ ಮನೆ ತುಂಬ ಜನ ಬಂದರು. ಬಂದವರೆಲ್ಲ ಒಳ್ಳೆಯವರೇ. ಎಲ್ಲರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ. ನಮ್ಮಪ್ಪ ಗೋಡೆಗೆ ಒರಗಿಕೊಂಡು ಕೂತಿದ್ದರು, ಯಾರ ಮಾತಿಗೂ ಹ್ಞೂಂ ಅನ್ನುತ್ತಿರಲಿಲ್ಲ. ತಿಥಿ ಆಗಿ, ಶಾಮಿಯಾನ ಬಿಚ್ಚಿಕೊಂಡು ಹೋಗಿ, ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ನಮಗೆ ಪರಿಚಯ ಇರಲಿಲ್ಲ. ಚಾಪೆ ಹಾಕಿದೆವು. ಕೂತರು. ಏನೂ ಹೇಳದೆ ಕೈಚೀಲದಿಂದ ಒಂದು ನೀಲಿ ಲಂಗ ತೆಗೆದರು. ಶಾಲೆಯ ಲಂಗ, ಬಣ್ಣ ಹೋಗಿತ್ತು. ಅದರ ಅಂಚು ಮಗುಚಿ ತೋರಿಸಿದರು. ಹೊಲಿಗೆ ಬಿಚ್ಚಿದ ಗುರುತು, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಒಂದೊಂದು ಪಟ್ಟಿಯಲ್ಲಿ ನೀಲಿ ಒಂದೊಂದು ಥರ, ಮೇಲೆ ಮಾಸಿದ್ದು, ಕೆಳಗೆ ಬರುತ್ತಾ ಬರುತ್ತಾ ಹೊಸತು.

"ನನ್ನ ಮಗಳು ಐದನೇ ಕ್ಲಾಸಲ್ಲಿದ್ದಾಗ ಹೊಲಿಸಿದ್ದು. ನನ್ನ ಹತ್ರ ವರ್ಷ ವರ್ಷ ಹೊಲಿಸೋಕೆ ದುಡ್ಡಿರ್ಲಿಲ್ಲ. ನಾನು ಬಾಯಿಬಿಟ್ಟು ಹೇಳೂ ಇರ್ಲಿಲ್ಲ. ಅಕ್ಕನೇ ಒಳಗೆ ಬಟ್ಟೆ ಬಿಟ್ಟು ಮಡಿಸಿ ಹೊಲಿದಿದ್ರು. ಜೂನ್ ತಿಂಗಳು ಬಂದ್ರೆ, ಕಳಿಸು ನಿನ್ನ ಮಗಳನ್ನ ಅನ್ನೋರು. ಒಂದು ಮಡಿಕೆ ಬಿಚ್ಚಿ ಕೊಡೋರು. ಕಾಸು ತಗೊಳ್ಲಿಲ್ಲ. ನಿಮಗೆ ತೋರಿಸ್ಬೇಕು ಅನ್ನಿಸ್ತು."

ನಮ್ಮಪ್ಪ ಕೈ ಚಾಚಿ ಲಂಗ ಇಸಿದುಕೊಂಡರು. ಕಿಟಕಿ ಬೆಳಕಿಗೆ ಹಿಡಿದರು. "ಅವಳ ಕೈಯೇ ಇದು. ಎಡಗೈಯಲ್ಲಿ ಹೆಮ್ಮಿಂಗ್ ಹಾಕೋಳು, ಎಳೆ ಈ ಕಡೆ ವಾಲುತ್ತೆ ನೋಡಿ" ಅಂದರು. ಅಷ್ಟು ದಿನಕ್ಕೆ ಅವರು ಅಮ್ಮನ ಬಗ್ಗೆ ಬಾಯಿಬಿಟ್ಟಿದ್ದು ಆಗಲೇ. ನಮ್ಮಕ್ಕ ಒಂದಾದ ಮೇಲೆ ಒಂದು ಕೇಳತೊಡಗಿದಳು. ಯಾವ ಶಾಲೆ, ಯಾವ ವರ್ಷ, ಅಮ್ಮ ಆಗ ಕನ್ನಡಕ ಹಾಕುತ್ತಿದ್ದರಾ, ನಿಮ್ಮ ಹತ್ತಿರ ನಮ್ಮ ವಿಷಯ ಏನಾದರೂ ಹೇಳುತ್ತಿದ್ದರಾ. ಆ ಹೆಂಗಸು ಸಂಜೆಯವರೆಗೆ ಕೂತಿದ್ದರು. ಹೋಗುವಾಗ ಲಂಗ ವಾಪಸ್ ತೆಗೆದುಕೊಂಡು ಹೋದರು. ಅದು ಅವರ ಮಗಳದು, ಅವರಿಗೂ ಬೇಕಿತ್ತು.

ಅವರು ಧೈರ್ಯ ತಂದುಕೊಳ್ಳಿ ಅನ್ನಲಿಲ್ಲ. ಹುಟ್ಟಿದವರು ಸಾಯಲೇಬೇಕು ಅನ್ನಲಿಲ್ಲ. ನಮಗೆ ಗೊತ್ತಿಲ್ಲದ ನಮ್ಮಮ್ಮನನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಮನೆಗೆ ಕರೆತಂದರು.

ಸಾವಿನ ಮನೆಯಲ್ಲಿ ನಾವು ಆಡುವ ಮಾತುಗಳನ್ನು ಒಂದು ಸಲ ಕೇಳಿಸಿಕೊಳ್ಳಿ. "ವಯಸ್ಸಾಗಿತ್ತು ಬಿಡಿ." "ಪುಣ್ಯಾತ್ಗಿತ್ತಿ, ಒದ್ದಾಡದೆ ಹೋದ್ರು." "ಮಕ್ಕಳ ಮುಖ ನೋಡ್ಕೊಂಡು ಮರೀಬೇಕು." ಇದರಲ್ಲಿ ಕೆಟ್ಟ ಮನಸ್ಸು ಇಲ್ಲ. ಬಾಗಿಲಲ್ಲಿ ನಿಂತಾಗ ಬಾಯಿಗೆ ಏನಾದರೂ ಬೇಕು, ಇವು ಸಿಗುತ್ತವೆ. ಆದರೆ ಕೇಳುವವರಿಗೆ ಇವು ಏನು ಹೇಳುತ್ತವೆ? ಅಳಬೇಡ ಅಂತ. ಅಳುವಷ್ಟು ದೊಡ್ಡದೇನೂ ಆಗಿಲ್ಲ ಅಂತ. 98ಕ್ಕೆ ತಾಯಿ ಹೋದರೆ ಎಪ್ಪತ್ತರ ಮಗನಿಗೆ ನೋವಾಗುವುದಿಲ್ಲವಾ? ಅವನು ಅಮ್ಮ ಇಲ್ಲದ ಒಂದು ದಿನವನ್ನೂ ಈ ಭೂಮಿ ಮೇಲೆ ಕಳೆದಿಲ್ಲ. ಇಷ್ಟು ತಡವಾಗಿ ಅದನ್ನು ಹೊಸದಾಗಿ ಕಲಿಯಬೇಕು.

ಇನ್ನೊಂದು ಮಾತು ದಯವಿಟ್ಟು ಬಿಟ್ಟುಬಿಡಿ. "ಮುತ್ತೈದೆಯಾಗಿ ಹೋದಳು, ಭಾಗ್ಯವಂತೆ." ಗಂಡ ಅಲ್ಲೇ ಕೂತಿರುತ್ತಾನೆ. ಜೊತೆಗಾತಿಯನ್ನು ಕಳೆದುಕೊಂಡವನ ಮುಂದೆ ಭಾಗ್ಯ ಅಂತ ಹೇಳುತ್ತೇವೆ. ಅದೇ ಕೋಣೆಯ ಮೂಲೆಯಲ್ಲಿ ಗಂಡನನ್ನು ಕಳೆದುಕೊಂಡ ಅತ್ತಿಗೆಯೋ ದೊಡ್ಡಮ್ಮನೋ ಕೂತಿರುತ್ತಾರೆ. ಒಂದೇ ಮಾತಿನಲ್ಲಿ ಇಬ್ಬರಿಗೂ ಚುಚ್ಚಿದ ಹಾಗೆ ಆಗುತ್ತದೆ.

ನಮ್ಮ ಹಿರಿಯರು ಮಾಡಿಟ್ಟ ಕೆಲವು ಪದ್ಧತಿಗಳಲ್ಲಿ ಬಹಳ ಅಂತಃಕರಣ ಇದೆ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಅನ್ನ ಸಾರು ತಂದಿಡುತ್ತಾರೆ. ಯಾರೂ ಕೇಳುವುದಿಲ್ಲ, ಯಾರೂ ಲೆಕ್ಕ ಇಡುವುದಿಲ್ಲ. ಮಾತಾಡಿಸಿಕೊಂಡು ಬರೋಣ ಅಂತ ಜನ ಹೋಗುತ್ತಾರೆ, ಸುಮ್ನೆ ಪಕ್ಕದಲ್ಲಿ ಕೂತು ಬರುತ್ತಾರೆ. ಆದರೆ ಇವೆಲ್ಲ ಹನ್ನೊಂದನೇ ದಿನಕ್ಕೋ ಹದಿಮೂರನೇ ದಿನಕ್ಕೋ ಮುಗಿದುಹೋಗುತ್ತವೆ. ಕಷ್ಟ ಶುರುವಾಗುವುದು ಆಮೇಲೆ. ಸಾರಿಗೆ ಉಪ್ಪು ಎಷ್ಟು ಅಂತ ಕೇಳುವುದಕ್ಕೆ ತಿರುಗಿದರೆ ಅಡುಗೆಮನೆಯಲ್ಲಿ ಯಾರೂ ಇರುವುದಿಲ್ಲ. ಅದಕ್ಕೇ ಮೂರು ತಿಂಗಳು ಬಿಟ್ಟು ಹೋಗಿ. ಮೊದಲ ಯುಗಾದಿಗೆ ಹೋಗಿ. ಆ ವರ್ಷ ಅವರ ಮನೆಯಲ್ಲಿ ಹಬ್ಬ ಇರುವುದಿಲ್ಲ, ಯಾರೂ ಬರುವುದೂ ಇಲ್ಲ. ನೀವು ಹೋಗಿ.

ಹೋದಾಗ ಅವಳ ಹೆಸರು ಹೇಳಿ. ಜನ ಹೆಸರು ಎತ್ತುವುದಕ್ಕೆ ಹೆದರುತ್ತಾರೆ, ಎಲ್ಲಿ ಅವರಿಗೆ ನೆನಪಾಗಿಬಿಡುತ್ತದೋ ಅಂತ. ಅವರಿಗೆ ಮರೆತಿದ್ದರೆ ತಾನೇ ನೆನಪಾಗುವುದು?

ಕೈಯಿಂದ ಆಗುವ ಕೆಲಸವೂ ಇದೆ, ಅದರಲ್ಲಿ ನಿಮಗಿಂತ ಗೊತ್ತಿರುವವರು ಯಾರೂ ಇಲ್ಲ. ಸಾವನ್ನು 21 ದಿನದೊಳಗೆ ನೋಂದಣಿ ಮಾಡಿಸಬೇಕು. ಅದು ತಪ್ಪಿದರೆ ಆಮೇಲೆ ಓಡಾಟ ಜಾಸ್ತಿ. ರೇಷನ್ ಕಾರ್ಡಿನಿಂದ ಹೆಸರು ತೆಗೆಸಬೇಕು, ಬ್ಯಾಂಕಿನ ಖಾತೆ ನೋಡಬೇಕು, ಸಂಘದಲ್ಲಿ ಅವಳ ಹೆಸರಲ್ಲಿ ಸಾಲ ಇದ್ದರೆ ಅದರ ಮಾತಾಡಬೇಕು. ಅಮ್ಮನ ಹೆಸರು ತೆಗೀರಿ ಅಂತ ಕೌಂಟರಿನಲ್ಲಿ ನಿಂತು ಮಗಳು ಹೇಳಬೇಕಾಗಿ ಬರುವ ಹೊತ್ತು ಬಹಳ ಕಠಿಣ. ಆಗ ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಸಾಕು. ಸಂಘದವರಿಗೂ ಒಂದು ಕೋರಿಕೆ. ಕಂತಿನ ವಿಷಯವನ್ನು ಆ ಮನೆಯ ನಡುಮನೆಯಲ್ಲಿ, ದೀಪ ಹಚ್ಚಿಟ್ಟ ಫೋಟೋದ ಮುಂದೆ ಎತ್ತಬೇಡಿ.

ಎಳೆ ಬಾಣಂತಿ ತೀರಿಕೊಂಡ ಮನೆ ಬೇರೆಯೇ. ನಿಮ್ಮಲ್ಲಿ ಕೆಲವರು ಅಂಥ ಮನೆಯ ಹೊಸ್ತಿಲು ದಾಟಿದ್ದೀರಿ, ನನಗೆ ಗೊತ್ತು. ಅಲ್ಲಿ ನೆನಪು, ಕಥೆ, ಯಾವುದೂ ಮೊದಲು ಬೇಡ. ಅಲ್ಲಿ ಹಸುಗೂಸು ಅಳುತ್ತಿರುತ್ತದೆ. ಹಾಲಿಗೆ ಏನು ವ್ಯವಸ್ಥೆ, ರಾತ್ರಿ ಯಾರು ಎತ್ತಿಕೊಳ್ಳುತ್ತಾರೆ, ಚುಚ್ಚುಮದ್ದು ಯಾವಾಗ, ಇದನ್ನು ನೋಡಬೇಕು. ಆ ಮಗುವನ್ನು "ತಾಯಿನ ತಿಂದ್ಕೊಂಡ ಮಗು" ಅಂತ ಯಾರಾದರೂ ಅಂದರೆ ಅಲ್ಲೇ ಬಾಯಿ ಮುಚ್ಚಿಸಿ. ಹಿರಿಯರಾಗಿರಲಿ, ಯಾರೇ ಆಗಿರಲಿ. ಆ ಒಂದು ಮಾತು ಮಗು ದೊಡ್ಡದಾಗುವವರೆಗೂ ಬೆನ್ನು ಬಿಡುವುದಿಲ್ಲ. ಅದರ ಬದಲು ಅವಳು ಬಸುರಿಯಾಗಿದ್ದಾಗ ನಿಮ್ಮ ಹತ್ತಿರ ಏನೇನು ಕೇಳುತ್ತಿದ್ದಳು, ಯಾವ ಹೆಸರು ಇಡಬೇಕು ಅಂತಿದ್ದಳು, ತೂಕ ಹೆಚ್ಚಾಗಿದೆ ಅಂದಾಗ ಹೇಗೆ ನಕ್ಕಳು, ಅದನ್ನೆಲ್ಲ ಒಂದು ಕಡೆ ಬರೆದಿಡಿ. ಹದಿನೈದು ವರ್ಷದ ನಂತರ ಆ ಮಗು ಕೇಳುತ್ತದೆ. ಆಗ ಹೇಳುವುದಕ್ಕೆ ನೀವೊಬ್ಬರೇ ಇರಬಹುದು.

ನರಸಮ್ಮ ತಮಗೆ ಗೊತ್ತಿದ್ದನ್ನು ಬಚ್ಚಿಟ್ಟುಕೊಳ್ಳಲಿಲ್ಲ. ಬಹಳ ಹೆಣ್ಣುಮಕ್ಕಳಿಗೆ ಕಲಿಸಿದರು, ತಮ್ಮ ಮಗಳಿಗೂ ಕಲಿಸಿದರು. ಹಾಗಾಗಿ ಅವರ ಕೈಯ ಗುಣ ಒಂದಷ್ಟು ಉಳಿದಿದೆ. ಆದರೆ ಅವರು ಯಾವ ರಾತ್ರಿ ಯಾವ ಊರಿಗೆ ಹೋದರು, ಅಡ್ಡ ಮಲಗಿದ ಮಗುವನ್ನು ಹೇಗೆ ಸರಿ ಮಾಡಿದರು, ಹೆದರಿದ ಚೊಚ್ಚಲ ಬಸುರಿಗೆ ಏನು ಹೇಳಿ ನಗಿಸಿದರು, ಮೂರನೆಯದೂ ಹೆಣ್ಣಾಯಿತು ಅಂತ ಮುಖ ತಿರುಗಿಸಿದ ಅತ್ತೆಗೆ ಏನಂದರು, ಇದು ಆ ಮನೆಗಳವರಿಗೆ ಮಾತ್ರ ಗೊತ್ತು.

ಅದಕ್ಕೆ ಒಂದು ಕೆಲಸ ಮಾಡೋಣ. ಊಟದ ಕೋಣೆಯ ಪಕ್ಕದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಪಾವಗಡದ ಕಡೆಯವರು, ಮಧುಗಿರಿ, ಶಿರಾ ಕಡೆಯವರು ಇಲ್ಲಿ ಬಹಳ ಜನ ಇದ್ದೀರಿ. ನಿಮ್ಮಲ್ಲಿ ಯಾರಾದರೂ ಅವರ ಕೈಯಲ್ಲಿ ಹುಟ್ಟಿದ್ದರೆ, ನಿಮ್ಮ ಅಮ್ಮನ, ಅತ್ತೆಯ ಹೆರಿಗೆ ಅವರು ಮಾಡಿಸಿದ್ದರೆ, ಊಟಕ್ಕೆ ಹೋಗುವ ಮುಂಚೆ ಅಲ್ಲಿ ಬನ್ನಿ. ಬರೆಯುವುದಕ್ಕೆ ಬೇಸರವಾದರೆ ಹೇಳಿ, ಇಬ್ಬರು ಹುಡುಗಿಯರು ಕೂತಿದ್ದಾರೆ, ಬರೆದುಕೊಳ್ಳುತ್ತಾರೆ. ತೆಲುಗಿನಲ್ಲಿ ಹೇಳಿದರೂ ನಡೆಯುತ್ತದೆ. ಚೆನ್ನಾಗಿ ಹೇಳಬೇಕು ಅಂತೇನೂ ಇಲ್ಲ. ಯಾವ ಊರು, ಯಾವ ವರ್ಷ ಇರಬಹುದು, ಮಳೆಗಾಲವೋ ಬೇಸಿಗೆಯೋ, ಯಾರು ಕರೆಯುವುದಕ್ಕೆ ಹೋಗಿದ್ದರು, ಬಂದವರು ಮೊದಲು ಏನು ಕೇಳಿದರು, ಬೆಳಿಗ್ಗೆ ಏನು ತಿಂದು ಹೋದರು. ಇವತ್ತೇ ನೆನಪಾಗದಿದ್ದರೆ ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಮುಂದಿನ ತಿಂಗಳ ಸಭೆಗೆ ತನ್ನಿ. ನೋಟ್‌ಬುಕ್ ತುಂಬಿದ ಮೇಲೆ ನಾವೇ ಹೋಗಿ ಅವರ ಮಕ್ಕಳ ಕೈಗೆ ಕೊಟ್ಟು ಬರೋಣ. ಯಾರಿಗೆ ಬರುವುದಕ್ಕೆ ಆಗುತ್ತದೋ ಅವರು ಹೆಸರನ್ನೂ ಅಲ್ಲೇ ಬರೆಸಿ.